ಪ್ರೊಫೈಲ್ ಫೋಟೋಗೆ ಚೆಕ್ಸ್ ಕುರ್ತಾನಾ, ಸೀರೆನಾ, ಕೋಟಾ?

ಗಿರಿಸಾಲು (ಚಿಕ್ಕಮಗಳೂರು)
ಎಲ್ಲರಿಗೂ ನಮಸ್ಕಾರ. ಆಫೀಸ್ ವೆಬ್‌ಸೈಟಿಗೂ ಲಿಂಕ್ಡ್‌ಇನ್‌ಗೂ ಎದೆಮಟ್ಟದ ಒಂದು ಫೋಟೋ ಬೇಕಾಗಿದೆ. ನನ್ನದು ಲೆಕ್ಕಪತ್ರದ ಕೆಲಸ. ಭಾನುವಾರ ಹನ್ನೊಂದಕ್ಕೆ ಹಾಸನದ ಸ್ಟುಡಿಯೋದಲ್ಲಿ ಟೈಮ್ ಸಿಕ್ಕಿದೆ, ಬೇಲೂರು ಮೇಲಿಂದ ಬಸ್ಸಿನಲ್ಲಿ ಬರೋದು. ಕೈಲಿರೋದು ಇಷ್ಟು: ಸಣ್ಣ ನೀಲಿ ಚೆಕ್ಸ್ ಇರೋ ಕಾಲರ್ ಕುರ್ತಾ, ಬಿಳಿ ಶರ್ಟ್ ಜೊತೆ ಕಪ್ಪು ಕೋಟು, ದೊಡ್ಡ ಅಂಚಿನ ರೇಷ್ಮೆ ಸೀರೆ, ಬಾಟಲ್ ಗ್ರೀನ್ ಬಣ್ಣದ ಪ್ಲೇನ್ ಕಾಟನ್ ಸೀರೆ. ಮೈಬಣ್ಣ ಎಣ್ಣೆಗೆಂಪು. ಬಿಸಿಲಿಗೆ ಕಪ್ಪಾಗುವ ಕನ್ನಡಕ ಹಾಕ್ತೀನಿ. ಸ್ಟುಡಿಯೋದವರು "ಬಿಳಿ ಹಾಕ್ಕೊಂಡು ಬನ್ನಿ, ಮುಖ ಬೆಳ್ಳಗೆ ಬರುತ್ತೆ" ಅಂದ್ರು. ನಿಜಾನಾ? ತಮ್ಮನದ್ದೂ ಅದೇ ದಿನ. ಅವನು ಸ್ನೇಹಿತನ ಕೋಟು ತರ್ತಾನಂತೆ, ಭುಜ ಸ್ವಲ್ಪ ದೊಡ್ಡದು.

ನೆರಳುಬೆಳಕು (ಹಾಸನ)
ಮೇಡಂ, ಮೊದಲು ಚೌಕಟ್ಟು ಎಷ್ಟು ಅಂತ ನೋಡಿ. ಲಿಂಕ್ಡ್‌ಇನ್ ನಿಮ್ಮ ಫೋಟೋನ ದುಂಡಗೆ ಕತ್ತರಿಸುತ್ತೆ. ಉಳಿಯೋದು ಗಲ್ಲದಿಂದ ಕೆಳಗೆ ಹೆಚ್ಚೆಂದರೆ ಒಂದು ಗೇಣು, ಅದೂ ಮೊಬೈಲಿನಲ್ಲಿ ಕಿರುಬೆರಳಿನ ಉಗುರಿನಷ್ಟು. ದುಪಟ್ಟಾದ ಕಸೂತಿ, ಸೊಂಟದ ಫಿಟಿಂಗ್, ಕೈಬಳೆ ಯಾವುದೂ ಲೆಕ್ಕಕ್ಕಿಲ್ಲ. ಕತ್ತಿನ ಸುತ್ತ ಏನಿದೆ ಅನ್ನೋದೊಂದೇ ಪ್ರಶ್ನೆ.

ಚೆಕ್ಸ್ ಕುರ್ತಾ ಬೇಡ. ಕ್ಯಾಮೆರಾ ಸೆನ್ಸರಿನಲ್ಲಿ ಚುಕ್ಕಿಗಳು ಸಾಲಾಗಿ ಕೂತಿರುತ್ತವೆ. ಬಟ್ಟೆಯ ಗೆರೆಗಳೂ ಹೆಚ್ಚುಕಮ್ಮಿ ಅಷ್ಟೇ ಒತ್ತಾಗಿದ್ದರೆ ಎರಡೂ ಒಂದರ ಮೇಲೊಂದು ಬಿದ್ದು ಕಾಮನಬಿಲ್ಲಿನಂಥ ಅಲೆ ಏಳುತ್ತೆ. ಇದಕ್ಕೆ ಮೊಯ್ರೆ ಅಂತಾರೆ. ದೊಡ್ಡ ಫೈಲಿನಲ್ಲಿ ಕಾಣದಿದ್ದರೂ ವೆಬ್‌ಸೈಟಿಗೆ ಚಿಕ್ಕದು ಮಾಡಿದಾಗ ಎದ್ದು ಬರಬಹುದು, ಆಮೇಲೆ ಎಡಿಟಿಂಗಿನಲ್ಲಿ ಅದನ್ನು ತೆಗೆಯೋದು ತಲೆನೋವು. ಮನೆಯಲ್ಲೇ ಪರೀಕ್ಷೆ ಮಾಡ್ಕೊಳ್ಳಿ: ಬಟ್ಟೆ ಗೋಡೆಗೆ ತೂಗುಹಾಕಿ ಆರಡಿ ದೂರ ನಿಂತು ನೋಡಿ. ಚೌಕಗಳು ಬಿಡಿಬಿಡಿಯಾಗಿ ಕಾಣದೆ ಮಂಜಿನ ಹಾಗೆ ಕಂಡರೆ ಅದು ಕಪಾಟಿನಲ್ಲೇ ಇರಲಿ.

ಬಿಳಿಯ ವಿಚಾರದಲ್ಲಿ ಸ್ಟುಡಿಯೋದವರು ಹೇಳಿದ್ದು ತಿರುಗುಮುರುಗು. ಚೌಕಟ್ಟಿನ ತುಂಬ ಬಿಳಿ ಇದ್ದರೆ ಆಟೋ ಮೋಡ್‌ನಲ್ಲಿಟ್ಟ ಕ್ಯಾಮೆರಾ ಬೆಳಕು ಜಾಸ್ತಿಯಾಯ್ತು ಅಂದ್ಕೊಂಡು ಒಟ್ಟು ಚಿತ್ರವನ್ನೇ ಮಂಕು ಮಾಡುತ್ತೆ, ಮುಖ ಇನ್ನೂ ಕಪ್ಪಾಗುತ್ತೆ. ಮುಖಕ್ಕೆ ಸರಿಯಾಗಲಿ ಅಂತ ಬೆಳಕು ಏರಿಸಿದರೆ ಶರ್ಟಿನ ಮಡಿಕೆ, ಕಾಲರಿನ ಅಂಚು ಎಲ್ಲ ಸುಣ್ಣದ ಗೋಡೆಯಾಗುತ್ತೆ. ಕೋಟಿನ ಸಂದಿಯಲ್ಲಿ ಕಾಣುವಷ್ಟು ಬಿಳಿಗೆ ತೊಂದರೆಯಿಲ್ಲ, ಆದರೂ ನನ್ನ ಮತ ತಿಳಿನೀಲಿಗೆ.

ಗಿಳಿಹಸಿರು, ಕಣ್ಣು ಕುಕ್ಕುವ ಕೆಂಪು, ಫ್ಲೋರೊಸೆಂಟ್ ಗುಲಾಬಿ ಬೇಡವೇ ಬೇಡ. ಬೆಳಕು ಬಟ್ಟೆಗೆ ಬಡಿದು ಗಲ್ಲದ ಕೆಳಗೆ ಅದೇ ಬಣ್ಣ ಚೆಲ್ಲುತ್ತೆ. ಮೈಬಣ್ಣಕ್ಕೆ ಹತ್ತಿರದ ಬಿಸ್ಕತ್ ಬಣ್ಣವೂ ಕಷ್ಟ, ಚಿಕ್ಕ ಫೋಟೋದಲ್ಲಿ ಬಟ್ಟೆಯೇ ಹಾಕಿಲ್ಲವೇನೋ ಅನ್ನಿಸುತ್ತೆ. ನಿಮ್ಮ ಮೈಬಣ್ಣಕ್ಕೆ ಬಾಟಲ್ ಗ್ರೀನ್, ಮೆರೂನ್, ನೇವಿ, ಸಾಸಿವೆ ಹಳದಿ ಚೆನ್ನಾಗಿ ಕೂರುತ್ತವೆ. ಹಿನ್ನೆಲೆ ಯಾವ ಬಣ್ಣ ಅಂತ ಫೋನ್ ಮಾಡಿ ಕೇಳಿ. ಪರದೆ ಕಪ್ಪಾಗಿದ್ದರೆ ಕಪ್ಪು ಕೋಟು ಅದರಲ್ಲೇ ಕರಗಿ ಮುಖ ಮಾತ್ರ ತೇಲುತ್ತೆ.

ಇನ್ನೊಂದು: "ಮುಖ ಬೆಳ್ಳಗೆ ಮಾಡಬೇಡಿ, ಬಣ್ಣ ಇದ್ದ ಹಾಗೇ ಇರಲಿ" ಅಂತ ಮೊದಲೇ ಹೇಳಿಬಿಡಿ. ಕೇಳದೇ ಮಾಡುವವರು ಬಹಳ ಮಂದಿ.

ಅಳತೆಪಟ್ಟಿ (ಸಕಲೇಶಪುರ)
ತಮ್ಮನ ಕೋಟಿನ ಬಗ್ಗೆ. ಸೊಂಟ, ತೋಳಿನ ಉದ್ದ ದೊಡ್ಡದಿದ್ದರೆ ಈ ಫೋಟೋಗೆ ಏನೂ ಆಗಲ್ಲ. ಭುಜ ದೊಡ್ಡದಿದ್ದರೆ ಮುಚ್ಚಿಡೋಕೆ ಜಾಗವಿಲ್ಲ. ಭುಜದ ಹೊಲಿಗೆ ಮೂಳೆಯ ತುದಿಗೆ ಬರಬೇಕು. ಅರ್ಧ ಇಂಚು ಆಚೆ ಹೋದರೆ ನಡೆಯುತ್ತೆ. ಒಂದು ಇಂಚು ದಾಟಿದರೆ ತೋಳಿನ ತಲೆಯಲ್ಲಿ ಗುಳಿ ಬೀಳುತ್ತೆ, ಪಕ್ಕದ ಲೈಟಿಗೆ ಆ ಗುಳಿ ನೆರಳಾಗಿ ನಿಲ್ಲುತ್ತೆ. ಭುಜ ಬಿಚ್ಚಿ ಸರಿಮಾಡೋದು ಎರಡು ದಿನದಲ್ಲಿ ಆಗುವ ಆಲ್ಟ್ರೇಷನ್ ಅಲ್ಲ, ಬೇರೆಯವರ ಕೋಟಿಗಂತೂ ಬೇಡ.

ಬೆನ್ನು ಸಡಿಲವಿದ್ದರೆ ಬಟ್ಟೆ ಒಣಗಿಸುವ ಕ್ಲಿಪ್ ನಾಲ್ಕು ತಗೊಂಡು ಹೋಗ್ಲಿ. ಬೆನ್ನಿನ ನಡುವೆ ಬಟ್ಟೆ ಕೂಡಿಸಿ ಮೇಲಿಂದ ಕೆಳಕ್ಕೆ ಹಾಕಿದರೆ ಎದೆ ನೀಟಾಗಿ ಕೂರುತ್ತೆ. ಕತ್ತಿನ ಹಿಂದೆ ಮಾತ್ರ ಹಾಕಬಾರದು, ಕೋಟಿನ ಕಾಲರ್ ಎದ್ದು ಶರ್ಟಿನಿಂದ ದೂರ ನಿಲ್ಲುತ್ತೆ. ಹಿಂದೆ ಶರ್ಟಿನ ಕಾಲರ್ ಕೋಟಿಗಿಂತ ಅರ್ಧ ಇಂಚು ಮೇಲೆ ಕಾಣಬೇಕು. ಮೇಲಿನ ಗುಂಡಿ ಹಾಕಿದಾಗ ಕತ್ತಿಗೂ ಕಾಲರಿಗೂ ನಡುವೆ ಎರಡು ಬೆರಳು ಹಿಡಿಸಬೇಕು. ನಾಲ್ಕು ಬೆರಳು ಹಿಡಿಸಿದರೆ ಟೈ ಕಟ್ಟಿದ ಮೇಲೆ ಕಾಲರ್ ಸುಕ್ಕಾಗಿ, ಮೈ ಇಳಿದವರ ಹಾಗೆ ಕಾಣ್ತಾರೆ.

ಕೂತು ತೆಗೆಸುವಾಗ ಕೋಟಿನ ಗುಂಡಿ ಬಿಚ್ಚಿ, ಹಿಂದಿನ ಅಂಚು ಎಳೆದು ಅದರ ಮೇಲೇ ಕೂರಬೇಕು. ಇಲ್ಲದಿದ್ದರೆ ಭುಜ ಕಿವಿಯತ್ತ ಏರುತ್ತೆ. ಒಳಗೆ ದುಂಡು ಕತ್ತಿನ ಬನಿಯನ್ ಬೇಡ, ತೆಳು ಶರ್ಟಿನಲ್ಲಿ ಅದರ ಅಂಚು ಕಾಣುತ್ತೆ. ಜೇಬಿನ ಪೆನ್ನು, ಮೊಬೈಲು ಹೊರಗೆ.

ಕೋಟು ಹೊಂದದೇ ಇದ್ರೆ ಬರೀ ಶರ್ಟಿನಲ್ಲೇ ತೆಗೆಸಲಿ. ಕಂಪ್ಯೂಟರಿನಲ್ಲಿ ಕೋಟು ಅಂಟಿಸ್ತೀವಿ ಅಂದ್ರೆ ಒಪ್ಪೋದು ಬೇಡ. ಕತ್ತಿನ ನೆರಳು ಒಂದು ಕಡೆ, ಕೋಟಿನ ನೆರಳು ಇನ್ನೊಂದು ಕಡೆ ಇದ್ದು ಸಿಕ್ಕಿಬೀಳುತ್ತೆ.

ಸೆರಗಿನ ಅಂಚು (ಹಾಸನ)
ನನ್ನ ಓಟು ಕಾಟನ್ ಸೀರೆಗೆ. ರೇಷ್ಮೆ ಅಂದಕೂಡಲೇ ಬೇಡ ಅನ್ನೋದೂ ತಪ್ಪು. ಸಣ್ಣ ಅಂಚಿನ ಮೈಸೂರು ಸಿಲ್ಕ್ ಆಗಿದ್ರೆ ಹಾಕಿ ಅಂತಿದ್ದೆ, ಅದರ ಹೊಳಪು ಮೃದು, ಮೈಗೆ ಅಂಟಿ ಇಳಿಯುತ್ತೆ. ನಿಮ್ಮದು ದೊಡ್ಡ ಅಂಚು ಅಂತೀರಿ. ಸೆರಗು ನೆರಿಗೆ ಹಿಡಿದಾಗ ಮುಂದಿನ ನೆರಿಗೆ ಪೂರ್ತಿ ಜರಿಯೇ ಆಗುತ್ತೆ, ಫ್ಲಾಶ್ ಬಿದ್ದಾಗ ಕಣ್ಣು ಮುಖಕ್ಕೆ ಮೊದಲು ಅಲ್ಲಿಗೇ ಹೋಗುತ್ತೆ.

ಕಾಟನ್ ಸೀರೆಗೆ ಗಂಜಿ ತೆಳ್ಳಗಿರಲಿ. ಗಟ್ಟಿ ಗಂಜಿ ಹಾಕಿದರೆ ಭುಜದ ಮೇಲೆ ಸೆರಗು ತಟ್ಟೆಯ ಹಾಗೆ ಎದ್ದು ನಿಲ್ಲುತ್ತೆ. ನಾಲ್ಕು ಬೆರಳು ಅಗಲದ ನೆರಿಗೆ ಮಾಡಿ, ಪಿನ್ನು ಭುಜದ ಮೇಲಿನ ಅಂಚಿಗಿಂತ ಒಂದು ಇಂಚು ಹಿಂದೆ, ಒಳಗಿನಿಂದ ಚುಚ್ಚಿ. ಮುಂದೆ ಚುಚ್ಚಿದರೆ ಪಿನ್ನೂ ಕಾಣುತ್ತೆ, ಬಟ್ಟೆ ಎಳೆದ ಗೆರೆಯೂ ಕಾಣುತ್ತೆ. ಬ್ಲೌಸಿನ ಕತ್ತು ತೀರಾ ಅಗಲ ಬೇಡ: ದುಂಡು ಚೌಕಟ್ಟಿನಲ್ಲಿ ಬ್ಲೌಸಿನ ಅಂಚು ಹೊರಗೆ ಹೋಗಿ ಬರೀ ಭುಜ ಉಳಿಯುತ್ತೆ. ಎಡಭುಜ ಸ್ವಲ್ಪ ಕ್ಯಾಮೆರಾ ಕಡೆ ತಂದು ಕೂತರೆ ಸೆರಗಿನ ನೆರಿಗೆ ಚೆನ್ನಾಗಿ ಬೀಳುತ್ತೆ. ತೂಗಾಡುವ ಜುಮುಕಿ ಬದಲು ಕಿವಿಗಂಟಿದ ಓಲೆ ಸಾಕು. ಬೊಟ್ಟು ಇಡೋದಾದ್ರೆ ಹರಳಿನದು ಬೇಡ, ಮಖಮಲ್ಲಿನದು ಇಡಿ.

ಗಿರಿಸಾಲು
ತುಂಬಾ ಥ್ಯಾಂಕ್ಸ್. ಹಾಗಾದ್ರೆ ಬಾಟಲ್ ಗ್ರೀನ್ ಸೀರೆಯೇ. ಇಲ್ಲಿ ಮಳೆ ಬಿಟ್ಟಿಲ್ಲ, ಬಟ್ಟೆ ಒಣಗ್ತಾ ಇಲ್ಲ. ಇಸ್ತ್ರಿ ಮಾಡಿದ್ದು ಹಾಸನ ತಲುಪೋವರೆಗೆ ಉಳಿಯುತ್ತಾ? ಕನ್ನಡಕಕ್ಕೆ ಏನು ಮಾಡ್ಲಿ? ಇದೇ ಫೋಟೋ ಪಾಸ್‌ಪೋರ್ಟಿಗೂ ಆಗುತ್ತಾ?

ಸೆರಗಿನ ಅಂಚು
ಉಟ್ಕೊಂಡು ಬಸ್ ಹತ್ತಬೇಡಿ, ಚೂಡಿದಾರದಲ್ಲಿ ಬನ್ನಿ. ಹಸಿ ಉಳಿದ ಕಾಟನ್ ಮಡಚಿದ ಕಡೆಯೇ ಗೆರೆ ಹಿಡಿಯುತ್ತೆ, ಹಾಗಾಗಿ ಎರಡೂ ಮಗ್ಗುಲು ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ. ಬಿಸಿ ಇರುವಾಗಲೇ ಮಡಚಬೇಡಿ, ಹತ್ತು ನಿಮಿಷ ಹರವಿ ಆರಲಿ. ಸೆರಗಿನ ನೆರಿಗೆ ಮನೆಯಲ್ಲೇ ಹಿಡಿದು, ಇಸ್ತ್ರಿ ಒತ್ತಿ, ಕ್ಲಿಪ್ ಹಾಕಿ, ಪೇಪರ್ ಸುತ್ತಿ ತನ್ನಿ. ಸ್ಟುಡಿಯೋಗೆ ಅರ್ಧ ಗಂಟೆ ಮುಂಚೆ ಹೋಗಿ.

ನೆರಳುಬೆಳಕು
ಕನ್ನಡಕ ದಾರಿಯುದ್ದಕ್ಕೂ ಡಬ್ಬಿಯಲ್ಲಿರಲಿ. ಹಾಕ್ಕೊಂಡೇ ಬಂದರೆ ಒಳಗೆ ಕೂತು ಹತ್ತು ನಿಮಿಷವಾದರೂ ಕಾಯಿರಿ. ಚಳಿಯಲ್ಲಿ ಆ ಗಾಜು ತಿಳಿಯಾಗೋದು ಇನ್ನೂ ನಿಧಾನ. ಗಾಜಿನಲ್ಲಿ ಲೈಟ್ ಹೊಳೆದರೆ ಕಡ್ಡಿಯನ್ನು ಕಿವಿಯ ಮೇಲೆ ಕಾಲು ಇಂಚು ಎತ್ತಿ, ಗಾಜು ಕೆಳಮುಖವಾಗಿ ಹೊಳಪು ತಪ್ಪುತ್ತೆ. ತಲೆ ಬಗ್ಗಿಸಬೇಡಿ, ಗಲ್ಲದ ಕೆಳಗೆ ಮಡಿಕೆ ಬರುತ್ತೆ.

ಪಾಸ್‌ಪೋರ್ಟಿಗೆ ಇದು ಆಗಲ್ಲ. ಅದಕ್ಕೆ ಬಿಳಿ ಹಿನ್ನೆಲೆ, ಮುಖ ನೇರ, ನಗು ಇಲ್ಲ. ದೊಡ್ಡವರ ಫೋಟೋನ ಸಾಮಾನ್ಯವಾಗಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ತೆಗೀತಾರೆ, ಸ್ಟುಡಿಯೋದ್ದು ಬೇಕಾಗಲ್ಲ. ಗಾಢ ಹಸಿರು ಬಿಳಿಯ ಮೇಲೆ ಚೆನ್ನಾಗಿ ಎದ್ದು ಕಾಣುತ್ತೆ, ಅಲ್ಲಿಗೂ ಇದೇ ಸೀರೆ ಉಟ್ಕೊಂಡು ಹೋಗಬಹುದು, ಕನ್ನಡಕ ಮಾತ್ರ ತೆಗೆದಿಡಿ.