ಅಪ್‌ಡೇಟ್: ಅಪ್ಪನ ಕೈ ನಡುಕ ಕಡಿಮೆಯಾಗಿದೆ

ಲಿವರ್ ಕಸಿ ಆದ ಒಂಬತ್ತನೇ ದಿನ ಅಪ್ಪನ ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ, ಯಾಕೆ ಅಂತ ಕೇಳಿದ್ದೆ ಅಲ್ವಾ? ಆ ರಾತ್ರಿಯೇ ಫಿಟ್ಸ್ ಬಂತು. ತುಂಬಾ ಹೆದರಿಬಿಟ್ಟೆವು. ಎಂಆರ್‌ಐ ಸರಿಯಿತ್ತು, ಆದರೆ ರಕ್ತದಲ್ಲಿ ಮೆಗ್ನೀಸಿಯಂ ಡೆಸಿಲೀಟರ್‌ಗೆ ಬರೀ 1.1 ಮಿಲಿಗ್ರಾಂ. ಸುಮಾರು 1.7ರ ಮೇಲಿರಬೇಕು. ಹೊಸ ಲಿವರನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಟ್ಯಾಕ್ರೋಲಿಮಸ್‌ನಿಂದ ಮೆಗ್ನೀಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ಅದು ಕಡಿಮೆಯಾದಾಗ ಅದೇ ಔಷಧಿ ಮೆದುಳು-ನರಗಳಿಗೆ ಇನ್ನೂ ಜಾಸ್ತಿ ತೊಂದರೆ ಕೊಡಬಹುದು ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಡ್ರಿಪ್‌ನಲ್ಲಿ ಮೆಗ್ನೀಸಿಯಂ ಕೊಟ್ಟು ಟ್ಯಾಕ್ರೋಲಿಮಸ್ ಡೋಸ್ ಇಳಿಸಿದರು. ನಿಮ್ಮ ಮನೆಯಲ್ಲೂ ಕಸಿ ಆದವರಿದ್ದರೆ ನಡುಕವನ್ನು ಸುಸ್ತು ಅಂದುಕೊಂಡು ಸುಮ್ನೆ ಬಿಡಬೇಡಿ, ಮೆಗ್ನೀಸಿಯಂ ಎಷ್ಟಿದೆ ಅಂತ ಕೇಳಿ. ನೀವೇ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ನಿನ್ನೆ ಅಪ್ಪ ಒಂದು ಹನಿಯೂ ಚೆಲ್ಲದೆ ಲೋಟ ಎತ್ತಿ ಗಂಜಿ ಕುಡಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸೋಮವಾರ ಮತ್ತೆ ರಕ್ತ ಪರೀಕ್ಷೆ ಇದೆ.