ಸಹಾಯ ಬೇಕು: ಚಳಿಯಲ್ಲಿ ಸೈಕಲ್, ಜೊತೆಗೆ ಕ್ರಾಫ್ಟ್ ಬಿಯರ್ ಬಾಟಲಿ

ನಮಸ್ಕಾರ. ಚಳಿಗಾಲದಲ್ಲೂ ಆಫೀಸಿಗೆ ಸೈಕಲ್ಲಲ್ಲೇ ಹೋಗಿಬರುತ್ತೇನೆ. ಮೈಗೆ ತೊಂದರೆಯಿಲ್ಲ. ಒಳಗೆ ತೆಳು ಉಣ್ಣೆ ಬನಿಯನ್, ಮೇಲೆ ಗಾಳಿ ತಡೆಯುವ ಜಾಕೆಟ್ ಸಾಕು, ಪೆಡಲ್ ತುಳಿಯುತ್ತಾ ಬಿಸಿಯಾಗುತ್ತದೆ. ಕಷ್ಟ ಬೆರಳುಗಳದ್ದು. ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ದಪ್ಪ ಗ್ಲೌಸ್ ಹಾಕಿದರೆ ಗೇರ್ ಲಿವರ್ ಕೈಗೇ ಸಿಗಲ್ಲ. ಹ್ಯಾಂಡಲ್‌ಗೆ ಹಾಕುವ ಕವರ್ ಬಳಸಿದವರು ಇದ್ದೀರಾ?

ಇನ್ನೊಂದು ವಿಷಯ. ವಾರದ ಕೊನೆಗೆ ಒಂದೆರಡು ಬಾಟಲಿ ಸ್ಟೌಟ್ (ಕಪ್ಪು ಬಣ್ಣದ ಬಿಯರ್) ತರುತ್ತೇನೆ. ಕುಡಿಯುವುದು ಮನೆ ಸೇರಿದ ಮೇಲೇ. ಕುಡಿದರೆ ಬೆಚ್ಚಗಾದ ಹಾಗೆ ಅನಿಸುತ್ತದೆ ಅಷ್ಟೇ, ಚರ್ಮದ ರಕ್ತನಾಳ ಹಿಗ್ಗಿ ಶಾಖ ಹೊರಗೆ ಹೋಗುತ್ತದೆ ಅಲ್ವಾ? 10–13 ಡಿಗ್ರಿಯಲ್ಲಿ ಸ್ಟೌಟ್‌ನ ಹುರಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಪರಿಮಳ ತುಂಬಾ ಚೆಂದ. ಆದರೆ ದಾರಿಯಲ್ಲಿ ಕುಲುಕಿ ತಳದ ಯೀಸ್ಟ್ ಎಲ್ಲಾ ಕಲಕಿಹೋಗುತ್ತದೆ. ಬಾಟಲಿ ನೆಟ್ಟಗೆ ನಿಲ್ಲುವಂಥ ಕ್ಯಾರಿಯರ್ ಬ್ಯಾಗ್ ಯಾವುದಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.