ಸಿಲ್ವರ್ ಪಾತ್ರೆ ಅಂತೀವಲ್ಲ, ಅದ್ರಲ್ಲಿ ಬೆಳ್ಳಿ ಇರುತ್ತಾ?

ಹಾಸನದ_ಅಮ್ಮ: ಎಲ್ರಿಗೂ ನಮಸ್ಕಾರ. ಮಗಳು ಮೂರನೇ ಕ್ಲಾಸು, ನಿನ್ನೆ ಇಂಗ್ಲಿಷ್ ಪಾಠದಲ್ಲಿ ಸಿಲ್ವರ್ ಅಂದ್ರೆ ಬೆಳ್ಳಿ ಅಂತ ಓದ್ಕೊಂಡು ಸೀದಾ ಅಡುಗೆಮನೆಗೆ ಬಂದು, ಅವರಜ್ಜಿ ಅನ್ನ ಬಸಿಯೋ ತಳ ನಗ್ಗಿದ ಸಿಲ್ವರ್ ಪಾತ್ರೆ ತೋರ್ಸಿ ಇದು ಬೆಳ್ಳೀದಾ ಅಂತ ಕೇಳಿದ್ಲು. ಅಲ್ಲ ಕಣೆ ಅಂದೆ, ಹಂಗಾದ್ರೆ ಯಾಕೆ ಸಿಲ್ವರ್ ಅಂತೀರಾ ಅಂದ್ಲು, ನಂಗೆ ಉತ್ತರ ಹೊಳೀಲಿಲ್ಲ. ಗೊತ್ತಿದ್ದೋರು ಹೇಳಿ ಪ್ಲೀಸ್

ಪಾತ್ರೆ_ಅಂಗಡಿ: ಅದು ಅಲ್ಯೂಮಿನಿಯಂ ಅಕ್ಕ, ಚೂರೂ ಬೆಳ್ಳಿ ಇರಲ್ಲ. ನಮ್ಮಂಗ್ಡೀಲಿ ಇವತ್ತಿಗೂ ಯಾರೂ ಅಲ್ಯೂಮಿನಿಯಂ ಕೊಡಿ ಅನ್ನಲ್ಲ, ಸಿಲ್ವರ್ ದಬರಿ ಕೊಡಿ ಅಂತಾರೆ, ಬೆಳ್ಳಿ ಬೇಕಾದೋರು ಬೆಳ್ಳಿ ಅಂತ್ಲೇ ಕೇಳ್ತಾರೆ. ನಮ್ ಬಾಯಲ್ಲಿ ಇವೆರಡೂ ಬೇರೆ ಬೇರೆ ಪದ ಆಗೋಗಿದಾವೆ. ಒಂದ್ ವಿಷ್ಯ, ಹುಣಸೆಹುಳಿ ಹಾಕಿದ ಸಾರು ಅದ್ರಲ್ಲಿ ಹಂಗೇ ಇಟ್ಬಿಡ್ಬೇಡಿ, ಹುಳಿ ಅಲ್ಯೂಮಿನಿಯಂನ ತಿನ್ನುತ್ತೆ. ಮದುವೇಲಿ ಕೊಡ್ತಾರಲ್ಲ ಜರ್ಮನ್ ಸಿಲ್ವರ್ ಕುಂಕುಮದ ಬಟ್ಲು, ಅದೂ ತಾಮ್ರ, ಸತು, ನಿಕ್ಕಲ್ ಬೆರಕೆ, ಬೆಳ್ಳಿ ಅಲ್ಲ. ನಿಜವಾದ್ದು ತಗೊಳೋವಾಗ ಹಾಲ್‌ಮಾರ್ಕ್ ನೋಡಿ, 925 ಅಂತಿದ್ರೆ ಸಾವಿರಕ್ಕೆ 925 ಪಾಲು ಬೆಳ್ಳಿ ಅಂತ.

ಮೂಡಿಗೆರೆ_ಕಾಫಿ: ನಮ್ ಕಡೆ ಸಿಲ್ವರ್ ಅಂದ್ರೆ ಮರ. ಸಿಲ್ವರ್ ಓಕ್, ಆಸ್ಟ್ರೇಲಿಯಾ ಮೂಲದ್ದು, ಕಾಫಿಗೆ ನೆರಳು ಅಂತ ಹಾಕಿ ಅದಕ್ಕೇ ಮೆಣಸಿನ ಬಳ್ಳಿ ಹಬ್ಬಿಸ್ತೀವಿ. ಗಾಳಿ ಬೀಸಿದಾಗ ಎಲೆ ಮಗುಚಿ ಅಡಿಭಾಗ ಬೆಳ್ಳಗೆ ಮಿನುಗುತ್ತೆ, ಒಂದ್ಸಲ ನೋಡಿದ್ರೆ ಹೆಸ್ರು ಯಾಕೆ ಬಂತು ಅಂತ ಕೇಳೋದೇ ಬೇಡ

ಪದ_ಪ್ರೀತಿ: ಮಗಳಿಗೆ ಬೆಳ್ಳಿ ಪದದ ಕಥೆನೂ ಹೇಳಿ ದಯವಿಟ್ಟು. ಬಿಳಿ, ಬೆಳಕು, ಬೆಳದಿಂಗಳು, ಬೆಳ್ಳಕ್ಕಿ, ಬೆಳ್ಳುಳ್ಳಿ ಎಲ್ಲಾ ಒಂದೇ ಬುಡದ್ದು. ಶುಕ್ರಗ್ರಹನೂ ನಮಗೆ ಬೆಳ್ಳಿನೇ, ನಮ್ ತಾತ ಗಡಿಯಾರ ನೋಡ್ತಿರ್ಲಿಲ್ಲ, ಬೆಳ್ಳಿ ಮೂಡ್ತು ಏಳ್ರೋ ಅಂತ ಕೂಗಿ ಎತ್ತು ಬಿಚ್ಚೋರು. ತಮಿಳಲ್ಲಂತೂ ವೆಳ್ಳಿ ಅಂದ್ರೆ ಶುಕ್ರವಾರನೂ ಹೌದು. ಇನ್ನು ರೂಪಾಯಿ ಅಂತೀವಲ್ಲ, ಅದು ಸಂಸ್ಕೃತದ ರೂಪ್ಯದಿಂದ ಬಂದಿದ್ದು, ರೂಪ್ಯ ಅಂದ್ರೂ ಬೆಳ್ಳಿ, 16ನೇ ಶತಮಾನದಲ್ಲಿ ಶೇರ್ ಶಾ ಹೊರಡಿಸಿದ ರೂಪಾಯಿ ಬೆಳ್ಳಿ ನಾಣ್ಯನೇ.

ಹಾಸನದ_ಅಮ್ಮ: ಎಲ್ರಿಗೂ ತುಂಬಾ ಥ್ಯಾಂಕ್ಸ್. ಈಗ ನನ್ ಪಕ್ಕದಲ್ಲೇ ಬೆಳ್ಳುಳ್ಳಿ ಸುಲೀತಾ ಕೂತಿದಾಳೆ, ಒಂದೊಂದು ಎಸಳಿಗೂ ಬೆಳ್, ಉಳ್ಳಿ ಅಂತ ಬಿಡಿಸಿ ಬಿಡಿಸಿ ಹೇಳ್ತಿದಾಳೆ. ಬೆಳ್ಳಿ ಚುಕ್ಕಿ ಈಗ ಬೆಳಗಿನ ಜಾವ ಕಾಣುತ್ತಾ ಇಲ್ಲ ಸಂಜೆನಾ? ಅವಳಿಗೆ ತೋರಿಸ್ಬೇಕು